ಸುಮ್ಮನೆ ಎಂಬುದಕ್ಕೆ ಅರೇಬಿಕ್ ಪದ

ರೂವಿಯ ಟೈಪಿಂಗ್ ಸೆಂಟರಿನಲ್ಲಿ ಪುಟಕ್ಕೆ ಮೂರು ರಿಯಾಲ್.
ಕಣ್ಣೂರಿನ ಹುಡುಗ ಕೀಲಿಮಣೆಯ ಮೇಲೆ ಬೆರಳಿಟ್ಟು ಕೇಳಿದ:
ಕಾರಣ ಏನಂತ ಬರೆಯಲಿ, ಚೇಚಿ?

ಹೊಡೆದನೇ? ಇಲ್ಲ.
ಕುಡಿತ? ವರ್ಷಕ್ಕೊಮ್ಮೆ, ಅದೂ ಅರ್ಧ ಲೋಟ.
ಬೇರೆ ಹೆಣ್ಣು? ಇದ್ದಿದ್ದರೆ ಹೇಳುವುದು ಸುಲಭವಿತ್ತು.
ಮತ್ತೆ?

ಹನ್ನೊಂದು ವರ್ಷ ಏನು ಕೇಳಿದರೂ
ಸುಮ್ಮನೆ ಅಂದ.
ಬಾಲ್ಕನಿಯಲ್ಲಿ ಯಾಕೆ ನಿಂತಿದ್ದೀ? ಸುಮ್ಮನೆ.
ಊಟ ಯಾಕೆ ಬಿಟ್ಟೆ? ಸುಮ್ಮನೆ.
ನನ್ನನ್ನು ಯಾಕೆ ಮದುವೆಯಾದೆ ಎಂದು ಒಮ್ಮೆ,
ಸಲಾಲಾದಿಂದ ಮರಳುವಾಗ,
ಎರಡೂ ಬದಿ ಮರಳೇ ಮರಳು, ಕೇಳಿದ್ದೆ.
ಅದಕ್ಕೂ ಅದೇ.

ಹುಡುಗ ತಲೆ ಕೆರೆದುಕೊಂಡ.
ಅದಕ್ಕೆ ಅರೇಬಿಕ್ಕಿನಲ್ಲಿ ಪದ ಗೊತ್ತಿಲ್ಲ ಚೇಚಿ,
ಕ್ರೌರ್ಯ ಅಂತ ಹಾಕಲೇ? ಬೇಗ ಅರ್ಥವಾಗುತ್ತದೆ.

ಪರದೆಯ ಮೇಲೆ ಬಲದಿಂದ ಎಡಕ್ಕೆ
ತೆವಳಿ ಬಂತು ಆ ಪದ.
ನಾನು ಓದಲಾರದ ಲಿಪಿಯಲ್ಲಿ
ನನ್ನ ಗಂಡ ಇನ್ಯಾರೋ ಆಗುತ್ತಿದ್ದ.
ಅಳಿಸಿಬಿಡು ಅಂದೆ.
ಅರ್ಧ ಪುಟಕ್ಕೂ ದುಡ್ಡು ಕೊಟ್ಟು ಹೊರಬಂದೆ.

ಗದಗಿನಿಂದ ತಮ್ಮನ ಧ್ವನಿಸಂದೇಶ:
ಎಳಿ ಅಕ್ಕಾ ಅವನ್ನ ಕೋರ್ಟಿಗೆ,
ಮಾನ ಹರಾಜ ಆಗ್ಲಿ.
ಕೇಳಿಸಿಕೊಂಡ ಫ್ಲೋರಿನ್ ಬಾಯಿ ನಕ್ಕರು:
ಗೆದ್ದವನು ಸೋತ, ಸೋತವನು ಸತ್ತ,
ಮಾತು ಹಳೆಯದು, ವಕೀಲರ ಬಿಲ್ಲು ಮಾತ್ರ ಹೊಸದು.

ಮೂವತ್ತು ವರ್ಷ ಆಸ್ಪತ್ರೆಯ ಮೇಟ್ರನ್ ಆಗಿದ್ದವರು.
ವಾದಿ ಕಬೀರಿನಲ್ಲಿ, ಹಲ್ಲಿನ ಕ್ಲಿನಿಕ್ಕಿನ ಮೇಲೆ ಅವರ ಕೋಣೆ;
ಕೆಳಗೆ ಡ್ರಿಲ್ಲಿನ ಸದ್ದು.
ಮೇಜಿನ ಮೇಲೆ ಖರ್ಜೂರ, ಕಹ್ವಾದ ಫ್ಲಾಸ್ಕು,
ಸಕ್ಕರೆ ಪಾಕ ಬಸಿಯಲು ಬಳಸುವಂಥ ಮರಳು ಗಡಿಯಾರ,
ಅಲ್ಲ, ಮೊಟ್ಟೆ ಬೇಯಿಸುವುದು.
ನಿಮ್ಮನ್ನು ಕೂಡಿಸುವವಳಲ್ಲ ನಾನು, ಕಡಿಯುವವಳೂ ಅಲ್ಲ.
ನಡುವೆ ಕೂತಿರುತ್ತೇನೆ, ಅಷ್ಟೇ.
ಗಡಿಯಾರ ಖಾಲಿಯಾಗುವ ತನಕ ಒಬ್ಬರೇ ಮಾತಾಡಬೇಕು.

ನಾನು ಅದನ್ನು ನಾಲ್ಕು ಸಲ ಮಗುಚಿದೆ.
ಮತ್ತೆ, ವಾಮನ, ನಿಮ್ಮ ಸರದಿ.

ಒಂದು ಗಡಿಯಾರ ಪೂರ್ತಿ ಸುರಿದು ಹೋಯಿತು.
ಏಸಿ ತೊಟ್ಟಿಕ್ಕಿತು.
ಆಮೇಲೆ ಮೇಜಿಗೆ ಹೇಳಿದ:
ವೀಸಾ ನನ್ನ ಹೆಸರಿನಲ್ಲಿದೆ.
ನಾನು ರದ್ದು ಮಾಡಿದ ದಿನದಿಂದ
ಇವಳಿಗೆ ಈ ಊರಲ್ಲಿ ನಿಲ್ಲಲು ನೆಲವಿಲ್ಲ.
ಮೈತ್ರಿಯ ಪರೀಕ್ಷೆ ಮಾರ್ಚಿನಲ್ಲಿ.
ನಮ್ಮ ಗೋದಾಮಿನವರಲ್ಲಿ ಇವಳಿಗೆ
ಲೆಕ್ಕಪತ್ರದ ಕೆಲಸ ಕೇಳಿದ್ದೇನೆ, ಮೂರು ಸಲ.
ಇವಳ ಕೈಗೆ ಇವಳದೇ ವೀಸಾ ಬರುವವರೆಗೆ
ನಾನು ಯಾವುದಕ್ಕೂ ಸಹಿ ಹಾಕುವುದಿಲ್ಲ.

ಮೂರು ಸಲ! ಒಮ್ಮೆಯಾದರೂ ನನಗೆ ಯಾಕೆ ಹೇಳಲಿಲ್ಲ?
ಅವನ ಬಾಯಿ ಅರ್ಧ ತೆರೆಯಿತು.
ಬಾಯಿ ಕನ್ನಡಕದ ಮೇಲಿಂದ ನೋಡಿದರು.
ಅವನು ಆ ಪದವನ್ನು
ಖರ್ಜೂರದ ಬೀಜ ನುಂಗಿದವನಂತೆ ನುಂಗಿದ.
ಹೆದರಿಕೆ, ಅಂದ. ಸಿಗದಿದ್ದರೆ ಅಂತ.

ಕಾರಿನ ಸಾಲ ಐದು ನಿಮಿಷದಲ್ಲಿ ಮುಗಿಯಿತು.
ದೋಸೆ ಕಾವಲಿಗೆ ಒಂದೂಕಾಲು ಗಂಟೆ.
ಕುಮಟೆಯ ಅವನ ಅಮ್ಮನದು, ನಿಜ.
ಆದರೆ ತುಕ್ಕು ಕೆರೆದು, ಈರುಳ್ಳಿ ಉಜ್ಜಿ,
ಈ ಉಪ್ಪುಗಾಳಿಯಲ್ಲಿ ಅದನ್ನು ಪಳಗಿಸಿದ್ದು ಯಾರು?
ಕೂಗಾಡಿದೆವು. ಕೆಳಗೆ ಡ್ರಿಲ್ಲು ನಿಂತಿತು.
ಬಾಯಿ ಕಹ್ವಾ ಬಗ್ಗಿಸುತ್ತ ಸುಮ್ಮನಿದ್ದರು.
ಕೊನೆಗೆ ಬರೆದೆವು: ಕಾವಲಿ ಮೈತ್ರಿಯದು.
ಅವಳು ಎಲ್ಲಿ ಮಲಗುತ್ತಾಳೋ ಅಲ್ಲಿ ಅದು.
ಶುಕ್ರವಾರ ಅವನ ಮನೆಗೆ
ಚೀಲದಲ್ಲಿ ಹೋಗಿ ಬರಬೇಕು, ಭಾರ ಇದ್ದರೂ.

ಅದೇ ಟೈಪಿಂಗ್ ಸೆಂಟರ್, ಅದೇ ಹುಡುಗ.
ಕಾರಣ, ಚೇಚಿ?
ಇಬ್ಬರ ಒಪ್ಪಿಗೆ.
ಅದಕ್ಕೆ ಪದವಿತ್ತು. ಒಂದೇ ಸಾಲು.
ಪೂರ್ತಿ ಪುಟದ ದುಡ್ಡು ಅವನೇ ಕೊಟ್ಟ.

ಹೊರಗೆ ಮಗ್ರಿಬಿನ ಬಾಂಗ್,
ಬೋಳು ಬೆಟ್ಟಗಳಿಗೆ ಸುಟ್ಟ ಇಟ್ಟಿಗೆಯ ಬಣ್ಣ,
ಬಸ್ಸು ಇನ್ನೂ ಬಂದಿರಲಿಲ್ಲ.
ಕಾರಿನ ಬಾಗಿಲು ತೆರೆದಿಟ್ಟುಕೊಂಡು
ಬಿಸಿಲಿಳಿದ ರಸ್ತೆಯ ಆಚೆ ನಿಂತೇ ಇದ್ದ.

ಯಾಕೆ ನಿಂತಿದ್ದೀ ಎಂದು
ನಾನು ಕೇಳಲಿಲ್ಲ.